ಸೌಟು ಆಡಿಸಬೇಡ

ಇಪ್ಪತ್ತೆರಡು ಚಳಿಗಾಲ, ಹಿಮಗಡ್ಡೆ ಒಡೆಯುವ ಹಡಗಿನಲ್ಲಿ
ಅಡುಗೆ ಮಾಡಿದವಳು ನಾನು, ಹಿಲ್ಕ.
ಬೋತ್ನಿಯಾ ಕೊಲ್ಲಿಯ ನೀರು ಕಲ್ಲಾದಾಗ
ನಮ್ಮ ಹಡಗು ಅದರ ಮೇಲೇರಿ, ಭಾರ ಬಿಟ್ಟು, ಒಡೆದು
ಸರಕಿನ ಹಡಗುಗಳಿಗೆ ದಾರಿ ಬಿಡಿಸುತ್ತಿತ್ತು.
ಅಡುಗೆಮನೆಯ ಕಿಂಡಿಯಿಂದ ನನಗೆ ಕಾಣುತ್ತಿದ್ದದ್ದು
ಹಿಂದಿನದು ಮಾತ್ರ: ಬಿಡಿಸಿದ ದಾರಿ
ಸಾರು ಕುದಿಯುವಷ್ಟರಲ್ಲಿ ಮತ್ತೆ ಮುಚ್ಚಿಕೊಳ್ಳುವುದು.

ಬಲಭುಜ ಹಿಡಿದುಕೊಂಡಾಗ ನಾನೂ ಅದನ್ನೇ ಮಾಡಿದೆ.
ಮಾತ್ರೆ, ಮುಲಾಮು, ಸೂಜಿ, ಸೌನಾದ ಬಿಸಿ,
ಹಲ್ಲು ಕಚ್ಚಿ ಎತ್ತುವುದು.
ಒಡೆದೆ. ಮುಚ್ಚಿಕೊಂಡಿತು.
ಒಡೆದೆ.

ಕೆಮಿ ಊರಲ್ಲಿ, ಸೈಕಲ್ ರಿಪೇರಿ ಅಂಗಡಿಯ ಮೇಲೆ
ವಾಲ್ತೆರಿ ಎಂಬವನ ಕೋಣೆ. ಡಾಕ್ಟರಲ್ಲ, ಅವನೇ ಹೇಳಿದ.
ಸ್ಕ್ಯಾನ್ ಚಿತ್ರಗಳನ್ನು ಲಕೋಟೆಗೇ ಮರಳಿಸಿ
ಕರೆಂಟ್ ಒಲೆ ಹಚ್ಚಿ, ಬಾಣಲೆಗೆ ತೆಳ್ಳಗೆ ಎಣ್ಣೆ ಹೊಯ್ದು
ಬೆಳ್ಳಿಬಣ್ಣದ ಪುಡಿ ಉದುರಿಸಿ, "ನೋಡು" ಅಂದ.
ತಳ ಕಾದಂತೆ ಎಣ್ಣೆ ಮೊದಲು ತಡಬಡಿಸಿತು,
ಆಮೇಲೆ, ಯಾರೂ ಹೇಳದೆ ಕೇಳದೆ,
ಜೇನುಹುಟ್ಟಿನ ಹಾಗೆ ಮನೆ ಮನೆಯಾಗಿ ನಿಂತಿತು.
"ಗೆರೆ ಎಳೆದವರು ಯಾರು?" ಅವನ ಪ್ರಶ್ನೆ,
ಜಾದೂಗಾರನ ಮುಖ.
ನಾನಂದೆ: ಅಯ್ಯಾ, ಇದನ್ನು ಸಾವಿರ ಸಲ ಕಂಡಿದ್ದೇನೆ,
ಕಂಡಾಗಲೆಲ್ಲ ಸೌಟು ಹಾಕಿ ಕದಡಿದ್ದೇನೆ.
ಜಾದೂಗಾರ ಇಳಿದುಹೋದ. "ಹಾಗಾದರೆ," ಅಂದ,
"ಕಣ್ಣು ಮುಚ್ಚು. ಭುಜದ ಒಳಗೆ ಏನಿದೆ?
ಊಹಿಸಬೇಡ. ಬರಲಿ ಬಿಡು."

ಬಂದದ್ದು ಒಂದು ಕೈಗವಸು.
ಮೊಳೆಗೆ ತೂಗುಹಾಕಿದ್ದು, ನೆನೆದು ಅರ್ಧ ಹೆಪ್ಪುಗಟ್ಟಿದ ಬೂದು ಉಣ್ಣೆ.
ಹೆಬ್ಬೆರಳಿಗೆ ಬೇರೆ ಮನೆ, ಉಳಿದ ನಾಲ್ಕಕ್ಕೆ ಕೂಡುಕುಟುಂಬ.
ಅರವತ್ತು ಯೂರೋ ತೆತ್ತು ಕೈಗವಸು ನೋಡಿ ಬಂದೆನೆಂದು
ತಂಗಿ ಐಲಿಗೆ ಫೋನಿನಲ್ಲಿ ಹೇಳಿ ನಕ್ಕೆ. ಅವಳು ನಗಲಿಲ್ಲ.
"ಯಾರದ್ದು?" ಅಂದಳು.

ಗೊತ್ತಿಲ್ಲ. ಈಗಲೂ ಗೊತ್ತಿಲ್ಲ.
ಅಪ್ಪನದಿರಬಹುದು;
ಅಂಗಡಿಯಲ್ಲಿ ಕಂಡು ಕೊಳ್ಳದೆ ಬಿಟ್ಟದ್ದೂ ಇರಬಹುದು.
ಕಥೆ ಕಟ್ಟಲು ಹೋದಾಗಲೆಲ್ಲ ಉಣ್ಣೆ ಬಿಗಿಯುತ್ತದೆ.
ಹಿಂಡಬೇಕೆನಿಸುತ್ತದೆ, ಒಲೆಯ ಬಳಿ ಒಣಹಾಕಬೇಕೆನಿಸುತ್ತದೆ,
ಅಡುಗೆಯವಳ ಕೈ, ಸುಮ್ಮನಿರಲು ಕಲಿತದ್ದಲ್ಲ.
"ಕೋಣೆ ಬೆಚ್ಚಗಿರಲಿ, ಅಷ್ಟೇ," ಎನ್ನುತ್ತಾನೆ ವಾಲ್ತೆರಿ.
"ಉಳಿದದ್ದು ಅದರ ಪಾಡಿಗೆ."

ಮೂರನೇ ವಾರ ಒಂದು ಹನಿ ತೊಟ್ಟಿಕ್ಕಿತು.
ಐದನೇ ವಾರ ಏನೂ ಇಲ್ಲ. ಆರನೆಯದಕ್ಕೆ ಹೋಗಲೇ ಇಲ್ಲ,
ಬಸ್ಸು ತಪ್ಪಿತೆಂದು ಸುಳ್ಳು ಹೇಳಿದೆ.
ಏಳರಲ್ಲಿ, ಗೋಡೆಯತ್ತ ಇದ್ದ ಹೆಬ್ಬೆರಳು
ನನ್ನತ್ತ ತಿರುಗಿತ್ತು.
ಅಂದು ಯಾಕೋ ಅತ್ತೆ. ನೋವು ಹೋಯಿತೆಂದಲ್ಲ, ಇತ್ತು;
ಆದರೆ ನೋವಿಗೂ ನನಗೂ ನಡುವೆ
ಒಂದು ಕೋಣೆಯಷ್ಟು ಜಾಗ.

ನವೆಂಬರಿನಲ್ಲಿ ದಡಕ್ಕೆ ಹೋದೆ.
ಕಡಲು ಇನ್ನೂ ಕಲ್ಲಾಗಿರಲಿಲ್ಲ. ಅಲೆಗಳ ಮೇಲೆ ಹಿಮದ ಬಿಲ್ಲೆಗಳು,
ನಾನು ಕಾವಲಿಗೆ ಹುಯ್ಯುತ್ತಿದ್ದ ಹಿಟ್ಟಿನಷ್ಟೇ ದುಂಡಗೆ,
ಒಂದಕ್ಕೊಂದು ತಾಗಿ, ತಾಗಿ, ಅಂಚು ಮೇಲೆದ್ದು.
ಕಾವಲಿ ಇಲ್ಲ. ಹುಯ್ದವರಿಲ್ಲ.
ತಿಕ್ಕಾಡಿ ಸವೆದದ್ದೇ ಆಕಾರ.
ಗಾಳಿಗೆ ಟೋಪಿ ಜಾರಿತು, ಕೈ ಎದ್ದು ಸರಿಪಡಿಸಿತು.
ಸರಿಯಾದ ಮೇಲೆ ಗಮನಿಸಿದೆ: ಬಲಗೈ.

ಹೆಚ್ಚು ಹೇಳಲಾರೆ. ಎರಡನೇ ಹಲಗೆಯ ಉಪ್ಪು ಈಗ ಸಿಗುತ್ತದೆ,
ಮೂರನೇ ಹಲಗೆಯ ಏಲಕ್ಕಿ ಇನ್ನೂ ಇಲ್ಲ.
"ತಾನಾಗಿಯೇ ಇಳಿಯುವ ಕಾಯಿಲೆ ಅದು," ಎಂದರು ಡಾಕ್ಟರು, ತುಸು ವ್ಯಂಗ್ಯದಲ್ಲಿ.
ವಾಲ್ತೆರಿಗೆ ಹೇಳಿದೆ.
"ನಾನು ಹೇಳುವುದೂ ಅದನ್ನೇ," ಎಂದು ಕಾಫಿ ಕುಡಿದ.

ಇಂದು ಬೆಳಿಗ್ಗೆ ರೈ ಹಿಟ್ಟಿನ ಗಂಜಿ ಇಟ್ಟು
ಸೌಟು ಬದಿಗಿಟ್ಟು ನಿಂತೆ.
ಮೇಲೆ ಗುಳ್ಳೆ, ಗುಳ್ಳೆಗಳ ನಡುವೆ ಗೆರೆ, ಗೆರೆಗಳೊಳಗೆ ಒಂದು ಊರು.
ಎಷ್ಟು ಹೊತ್ತು ನೋಡಿದೆನೋ.
ತಳ ಸೀದಿತು, ಸ್ವಲ್ಪ.
ತಿಂದೆ.